ತಗಡಿನ ಮ್ಯಾಲಿನ ಕಲ್ಲಪ್ಪ

ರೋಣ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಅಡ್ಡಮಳೆ, ಬಿರುಗಾಳಿ. ಬೆಳಗಾದರೆ ತಗಡು ಹುಡುಕುವವರು ಒಂದು ಕಡೆ, ಪಂಚನಾಮೆಯವರು ಇನ್ನೊಂದು ಕಡೆ. ನಿನ್ನೆಯವರೆಗೆ ಛಾವಣಿ ಅದುಮಿಕೊಂಡು ಕೂತಿದ್ದ ಕಲ್ಲನ್ನು ಯಾರೂ ಮಾತಾಡಿಸಿರಲಿಲ್ಲ.

*ಕಲ್ಲಪ್ಪನವರೇ, ಕೆಳಗೆ ಇಳಿದುಬಿಟ್ಟಿರಾ?*

ಇಳದಿಲ್ರಿ, ಒಗದೈತಿ. ಗಾಳಿ ಬಾಗಲದಾಗಿಂದ ಒಳಗ ಹೊಕ್ಕು ತಗಡಿನ ಹೊಟ್ಟಿಗೆ ಒದೀತು, ಮ್ಯಾಲಿಂದ ಇನ್ನೊಂದು ಗಾಳಿ ಜಗ್ಗಿತು. ನಡುವ ನಾ ಒಬ್ಬಾಂವ ಏನ್ ಮಾಡ್ಲಿ? ತಗಡು ಜಾಲಿಗಿಡದಾಗ ಕುಂತೈತಿ. ನಾ ಬಿದ್ದಲ್ಲಿ ತೊಟ್ಟಲಾ ಇರಲಿಲ್ಲ, ಪುಣ್ಯಾ.

*ಬೋಲ್ಟು ಬಿಗಿದಿದ್ದರೆ?*

ಜೆ-ಹುಕ್ಕಿಗೆ ತೂತು ಕೊರೀಬೇಕು. ವಾಷರ್ ಕೆಟ್ಟರ ಸೋರ್ತೈತಿ. ನಾಳೆ ಅಡಚಣಿ ಬಂದು ಮಾರಾಕ ಹೋದ್ರ ತೂತಿನ ತಗಡಿಗೆ ರೇಟ್ ಬರಂಗಿಲ್ಲ. ನಾನಾದ್ರ ಪುಕ್ಕಟೆ.

*ಮೊದಲು ಮೇಲುಮುದ್ದೆ ಮನೆ ಇತ್ತಲ್ಲ?*

ಇತ್ತು. ತೊಲಿ, ಜಂತಿ, ಮ್ಯಾಲ ಸವಳು ಮಣ್ಣು. ಬ್ಯಾಸಿಗ್ಯಾಗ ಒಳಗ ತಂಪು. ಅದನ್ನ ಯಾವ ಗಾಳೀನೂ ಎತ್ತಂಗಿಲ್ಲ. ಮಳಿ ನೆನಸಿ ಕೆಡವತೈತಿ. 2009ರಾಗ ಮಳಿ, ಮಲಪ್ರಭಾ, ಬೆಣ್ಣಿಹಳ್ಳ ಕೂಡಿ ಹೊಳೆಆಲೂರ ಕಡೆ ಮನಿಗೋಳನ್ನ ಹಾಳ ಮಾಡಿದ್ವು. 2019ರಾಗ ಮತ್ತ ಬಂದ್ವು. ಮಣ್ಣು ಹೋದಲ್ಲಿ ತಗಡು ಬಂತು. ನೀರಿಗೆ ಅಂಜಿ ಗಾಳಿ ಕೈಯಾಗ ಕೊಟ್ರು.

*ಪರಿಹಾರ ಬರುತ್ತದಲ್ಲ?*

2019ರಾಗ ಎ, ಬಿ, ಸಿ ಅಂತ ಸಾಲಿ ಇತ್ರಿ. 75 ಪರ್ಸೆಂಟ್ ಮ್ಯಾಲ ಬಿದ್ರ ಎ. 25ರಿಂದ 75 ಬಿ. 15ರಿಂದ 25 ಸಿ. ಎ ಪಾಸಾದ ಮನಿಗೆ ಆಗ 5 ಲಕ್ಷ ಅಂದಿದ್ರು. ದಿಲ್ಲಿಯವರ 2022-26ರ ದರದಾಗ ಕಡಿಮಿ ಅಂದ್ರ 15 ಪರ್ಸೆಂಟ್ ಕೆಟ್ಟ ಪಕ್ಕಾ ಮನಿಗೆ 6,500, ಕಚ್ಚಾ ಮನಿಗೆ 4,000.

*ಈ ಮನೆ ಯಾವ ಕ್ಲಾಸು?*

ಮುಂಜಾನೆ ಸಾಹೇಬ್ರು ಬಂದ್ರು. ಗ್ವಾಡಿ ಬಡದು ನೋಡಿ, 'ನಾಕೂ ನಿಂತಾವಲ್ಲ' ಅಂದ್ರು. ಮುದುಕಿ, 'ಮ್ಯಾಲ ನೋಡ್ರಿ ಸಾಹೇಬ್ರ' ಅಂದ್ಲು. ನೋಡಿದ್ರು. 'ಮ್ಯಾಲ ಏನೂ ಇಲ್ಲಲ್ಲಬೇ, ಯಾವುದರ ಹಾನಿ ಬರೀಲಿ?' ಛಾವಣಿ ಇಲ್ಲದ್ದಕ್ಕ ಒಳಗ ಬೆಳಕು ಭಾಳ ಇತ್ತು, ಫೋಟೊ ಮಾತ್ರ ಚಂದ ಬಿತ್ತು.

*ಗಾಳಿಯ ಮೇಲೆ ಸಿಟ್ಟಿದೆಯೇ?*

ಗಜೇಂದ್ರಗಡದ ಗುಡ್ಡದ ಮ್ಯಾಲ ನಮ್ಮ ಬೀಗರು ಗಾಳಿಯಂತ್ರದ ಬುಡಕ ಅದಾರ. ಅಲ್ಲಿ ಅದು ಬೀಸಿದ್ದಕ್ಕ ಯೂನಿಟ್ ಲೆಕ್ಕದಾಗ ರೊಕ್ಕ. ಇಲ್ಲಿ ಬೀಸಿದ್ದಕ್ಕ ಪರ್ಸೆಂಟ್ ಲೆಕ್ಕ, ಅದಕ್ಕೂ ಆಧಾರ್ ಕಾರ್ಡ್, ಪಾಸ್‌ಬುಕ್ಕಿನ ಝೆರಾಕ್ಸ್.

*ಮುಂದೇನು ಮಾಡುತ್ತೀರಿ?*

ಜಾಲಿಗಿಡದಿಂದ ತಗಡು ಇಳಿಸ್ಯಾರ. ನಡುವ ಸ್ವಲ್ಪ ಮಡಚೈತಿ, ಬಡದು ಸರಿ ಮಾಡಾಕತ್ತಾರ. ಮುದುಕಿ ಮಗ ನಿಚ್ಚಣಕಿ ತಂದ. ಸರೀರಿ ಬಾಜೂಕ, ನನ್ನ ಎತ್ತಾಕ ಬಂದಾನ.