ಸೆಮಿಸ್ಟರಾಂತ್ಯ ಸ್ವಾವಲೋಕನದ ಜ್ಞಾನಮೀಮಾಂಸೆ: ನಾಲ್ಕು ತಾಲ್ಲೂಕುಗಳ ಒಂದು ಬಹುಶಿಸ್ತೀಯ ಅಧ್ಯಯನ

ಡಿಜಿಟಲ್ ಸಾಕ್ಷರತೆಯ ಕೋರ್ಸು ಮುಗಿಸಿದ ಪದವಿ ವಿದ್ಯಾರ್ಥಿಯು ಆಂತರಿಕ ಅಂಕಗಳ ಆಸೆಯಿಂದ ಪ್ರೇರಿತನಾಗಿ, ತನ್ನೊಳಗೆ ತಾನೇ ಇಣುಕಿ, ಕಂಡದ್ದನ್ನು ಎ-ಫೋರ್ ಹಾಳೆಯ ಒಂದೇ ಮಗ್ಗುಲಿಗೆ ಇಳಿಸುವ ಕ್ರಿಯೆಯೇ ಸೆಮಿಸ್ಟರಾಂತ್ಯ ಸ್ವಾವಲೋಕನ. ಈ ಪ್ರಕಾರದ ಸೈದ್ಧಾಂತಿಕ ಚೌಕಟ್ಟು, ಅಂತರ್‌ಪಠ್ಯೀಯತೆ ಹಾಗೂ ಜೆರಾಕ್ಸೋತ್ತರ ಆಯಾಮಗಳನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಅನುಲಕ್ಷಿಸಿ ಮರುವಿನ್ಯಾಸಗೊಳಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಚಾರಿತ್ರಿಕ ಹಿನ್ನೆಲೆ. ಪಾಲ್ ಗಿಲ್‌ಸ್ಟರ್ ಎಂಬವರು ‘ಡಿಜಿಟಲ್ ಲಿಟರಸಿ’ ಪುಸ್ತಕ ಪ್ರಕಟಿಸಿದ್ದು 1997ರಲ್ಲಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಬಿಡಿಸಿ ತಂದು ಸೇರಿಸಲಾಯಿತು. ಈ ಎರಡು ಘಟನೆಗಳ ಕಾರ್ಯಕಾರಣ ಸಂಬಂಧವನ್ನು ಪೂರ್ವಸೂರಿಗಳು ಗಮನಿಸದಿರುವುದು ವಿಷಾದನೀಯ. ನ್ಯಾಮತಿ ಆಗ ಹೊನ್ನಾಳಿಯ ಮಡಿಲಲ್ಲೇ ಇತ್ತು. ತಾಲ್ಲೂಕಾದದ್ದು ಎಷ್ಟೋ ವರ್ಷಗಳ ನಂತರ. ಹೀಗಾಗಿ 2011ರ ಜನಗಣತಿ ಪಟ್ಟಿಯನ್ನೇ ನಂಬಿಕೊಂಡ ಆನ್‌ಲೈನ್ ಫಾರಂಗಳಲ್ಲಿ ನ್ಯಾಮತಿ ಎಂಬ ತಾಲ್ಲೂಕು ಇರುವುದಿಲ್ಲ. ಅಲ್ಲಿನ ವಿದ್ಯಾರ್ಥಿ ‘ಹೊನ್ನಾಳಿ’ ಒತ್ತಿ ಮುಂದಕ್ಕೆ ಹೋಗುತ್ತಾನೆ. ಇದನ್ನು ನಾವು ‘ಡ್ರಾಪ್‌ಡೌನ್ ವಿಸ್ಥಾಪನೆ’ ಎಂದು ಕರೆಯಲು ಅನುಮತಿ ಕೋರುತ್ತೇವೆ.

ಪಠ್ಯದ ಸ್ವರೂಪ. ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ಕರ್ನಾಟಕದ ಪದವಿ ತರಗತಿಗಳಿಗೆ ಇಳಿದಾಗ ಅದರ ಬೆನ್ನಿಗೇ ‘ಡಿಜಿಟಲ್ ಫ್ಲೂಯೆನ್ಸಿ’ಯೂ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್, ಇಂಟರ್ನೆಟ್ ಆಫ್ ಥಿಂಗ್ಸ್ ಎಲ್ಲವೂ ಅದರೊಳಗಿದ್ದವು. 2024ರಲ್ಲಿ ರಾಜ್ಯ ಸರ್ಕಾರ ಆ ನೀತಿ ಬಿಟ್ಟು ಮೂರು ವರ್ಷದ ಪದವಿಗೆ ವಾಪಸಾಯಿತು. ನೀತಿ ಬಂತು, ನೀತಿ ಹೋಯಿತು, ಸ್ವಾವಲೋಕನದ ಮೊದಲ ವಾಕ್ಯ ಮಾತ್ರ ಅಲುಗಲಿಲ್ಲ: ‘ಈ ಕೋರ್ಸು ನನ್ನ ಜೀವನದ ದೃಷ್ಟಿಕೋನವನ್ನೇ ಬದಲಾಯಿಸಿತು.’ ಇಡೀ ತರಗತಿಯ ದೃಷ್ಟಿಕೋನ ಒಂದೇ ಕಾಗುಣಿತ ತಪ್ಪಿನೊಂದಿಗೆ, ಒಂದೇ ಫಾಂಟಿನಲ್ಲಿ ಬದಲಾಗುವುದು ವಿಸ್ಮಯವೇ ಸರಿ. ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಾತ ಆ ವಾಕ್ಯವನ್ನು ಡೆಸ್ಕ್‌ಟಾಪ್ ಮೇಲೆಯೇ ಇಟ್ಟುಕೊಂಡಿದ್ದಾನೆ. ಹೆಸರು, ರಿಜಿಸ್ಟರ್ ನಂಬರ್ ಹೇಳಿದರೆ ಸಾಕು.

ವಿಶ್ಲೇಷಣಾ ವಿಧಾನ. ಗ್ರಹಾಂ ಗಿಬ್ಸ್ 1988ರಲ್ಲಿ ಸ್ವಾವಲೋಕನಕ್ಕೆ ಆರು ಮೆಟ್ಟಿಲುಗಳನ್ನು ಕಟ್ಟಿಕೊಟ್ಟರು: ವರ್ಣನೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಕ್ರಿಯಾಯೋಜನೆ. ನಾಲ್ಕು ತಾಲ್ಲೂಕುಗಳನ್ನು ಆರು ಮೆಟ್ಟಿಲುಗಳಿಂದ ಗುಣಿಸಿದರೆ ಇಪ್ಪತ್ತನಾಲ್ಕು ಉಪವರ್ಗಗಳು ಲಭ್ಯವಾಗುತ್ತವೆ. ಎಲ್ಲವನ್ನೂ ಕ್ರಮವಾಗಿ ಪರಿಶೀಲಿಸೋಣ.

ವರ್ಣನೆ (ಚನ್ನಗಿರಿ): ಇಲ್ಲಿನ ಸ್ವಾವಲೋಕನ ಅಡಿಕೆ-ಕೇಂದ್ರಿತ. ‘ಬಿಗ್ ಡೇಟಾ ಎಂದರೇನು?’ ಎಂಬ ಪ್ರಶ್ನೆಗೆ ಬಾಯಿ ತೆರೆಯದ ಹುಡುಗ, ಅಡಿಕೆ ಸೊಸೈಟಿ ತುಮ್ಕೋಸ್‌ನಲ್ಲಿ ನಿನ್ನೆ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಹೋದ ವಾರಕ್ಕಿಂತ ಎಷ್ಟು ಇಳಿಯಿತು, ಅಪ್ಪ ಮಾಲು ಬಿಡಬೇಕೇ ಹಿಡಿಯಬೇಕೇ ಎಂಬುದನ್ನು ವಾಟ್ಸ್ಆ್ಯಪ್ ನೋಡಿ ಲೆಕ್ಕ ಹಾಕಿ ಹೇಳುತ್ತಾನೆ. ಇದು ಪಠ್ಯದಲ್ಲಿ ಇಲ್ಲದ್ದರಿಂದ ಅಂಕವಿಲ್ಲ.

ವರ್ಣನೆ (ಜಗಳೂರು): ‘ಸರ್, ಇಂಟರ್ನೆಟ್ ಆಫ್ ಥಿಂಗ್ಸ್ ಓದಿದೆ. ನಮ್ಮೂರಾಗೆ ಥಿಂಗ್ಸ್ ಎಲ್ಲ ಇದಾವೆ, ಇಂಟರ್ನೆಟ್ಟೇ ಇಲ್ಲ.’ ಎರಡು ವಾಕ್ಯ. ಜೆರಾಕ್ಸ್ ಅಲ್ಲ, ಬಾಲ್‌ಪೆನ್ನು. ಪದಮಿತಿ ಪಾಲಿಸಿಲ್ಲವಾದ್ದರಿಂದ ಇದನ್ನೂ ಪರಿಗಣಿಸಲಾಗದು.

ಹೊನ್ನಾಳಿಯ ವರ್ಣನೆ, ನ್ಯಾಮತಿಯ ವರ್ಣನೆ, ಅವುಗಳ ಭಾವನೆ, ಅವುಗಳ ಮೌಲ್ಯಮಾಪನ... ಇಪ್ಪತ್ತೆರಡು ಬಾಕಿ ಇವೆ. ಇರಲಿ ಬಿಡಿ. ಓದುವವರಿಗೂ ಬೇಡ, ಬರೆಯುವವನಿಗೂ ಬೇಡ.

ಪಠ್ಯದಲ್ಲಿ ಇಲ್ಲದ್ದಕ್ಕೆ ಅಂಕವಿಲ್ಲ ಎಂದೆ. ಅಂಥದ್ದೇ ಇನ್ನೊಂದು, ಮ್ಯಾಪಿಂಗ್ ವಿಷಯಕ್ಕೆ ಬರುವೆ. ಉನ್ನತ ಶಿಕ್ಷಣದಲ್ಲಿ ಮ್ಯಾಪಿಂಗ್ ಎರಡು ವಿಧ. ಮೊದಲನೆಯದು ಸಿಓ-ಪಿಓ ಮ್ಯಾಪಿಂಗ್: ಬೆಂಜಮಿನ್ ಬ್ಲೂಮ್ 1956ರಲ್ಲಿ ಜೋಡಿಸಿಟ್ಟ ಕಲಿಕೆಯ ಹಂತಗಳ ಪ್ರಕಾರ ಬರೆದ ಕೋರ್ಸಿನ ಫಲಿತಗಳನ್ನು ಇಡೀ ಪದವಿಯ ಫಲಿತಗಳಿಗೆ ಗಂಟು ಹಾಕಿ, ಚೌಕಗಳಲ್ಲಿ ಒಂದು, ಎರಡು, ಮೂರು ಎಂದು ತುಂಬುವುದು. ನ್ಯಾಕ್ ತಂಡ ಬರುವ ಮುನ್ನಾದಿನ ನಾವು ಅಧ್ಯಾಪಕರು ರಾತ್ರಿ ಹನ್ನೊಂದರವರೆಗೆ ಕೂತು ತುಂಬಿದ್ದುಂಟು. ಎರಡನೆಯದು ಎನ್‌ಪಿಸಿಐ ಮ್ಯಾಪಿಂಗ್: ಆಧಾರ್ ಯಾವ ಬ್ಯಾಂಕ್ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೇ ನೇರ ನಗದು ಹೋಗುತ್ತದೆ. ಆ ಖಾತೆ ಮುಚ್ಚಿಹೋಗಿದ್ದರೆ ದುಡ್ಡು ಬರುವುದಿಲ್ಲ, ಯಾಕೆ ಬರಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಮೊದಲನೆಯದರಿಂದ ಕಾಲೇಜಿಗೆ ಮಾನ್ಯತೆ. ಎರಡನೆಯದು ಗೊತ್ತಿಲ್ಲದಿದ್ದರೆ ವಿದ್ಯಾರ್ಥಿನಿಗೆ ಆ ವರ್ಷದ ವಿದ್ಯಾರ್ಥಿವೇತನವಿಲ್ಲ. ಯಾವ ಮಾಡ್ಯೂಲಿನಲ್ಲೂ ಎರಡನೆಯದು ಇಲ್ಲ.

2017ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ತಂದಿತು. ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಮನೆಗಳು ಗುರಿ, ತರಬೇತಿ ತಲಾ 20 ಗಂಟೆ. ಮನೆಗೊಬ್ಬರು! ಅದೊಂದು ಮಾತು ನಿಜ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗೊಬ್ಬರು ಆಗಲೇ ಇದ್ದಾರೆ, ಮತ್ತು ಹೆಚ್ಚಿನ ಕಡೆ ಅವರು ಹತ್ತೊಂಬತ್ತು ವರ್ಷದ ಹುಡುಗಿಯರು. ಅಪ್ಪನ ರೈತ ನೋಂದಣಿಯ ಫ್ರೂಟ್ಸ್ ಐಡಿ, ಅಮ್ಮನ ಗೃಹಲಕ್ಷ್ಮಿ, ತಮ್ಮನ ಜಾತಿ-ಆದಾಯ ಪತ್ರ, ಪಕ್ಕದ ಮನೆಯವರ ಇ-ಕೆವೈಸಿ, ಎಲ್ಲದರ ಪಾಸ್‌ವರ್ಡೂ ಅವರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುತ್ತದೆ. ಅವರಿಗೆ ನಾವು ಡಿಜಿಟಲ್ ಪರಿಸರದ ಪರಿಕಲ್ಪನಾತ್ಮಕ ಅರಿವು ಮೂಡಿಸುತ್ತಿದ್ದೇವೆ.

ಅಂಥ ಒಬ್ಬಳು ಚನ್ನಗಿರಿ ಕಡೆಯವಳು. ಅಜ್ಜಿ ಸುಗ್ಗಿಯಲ್ಲಿ ಅಡಿಕೆ ಸುಲಿಯುವವಳು. ಮೆಟ್ಟುಗತ್ತಿಯ ಮುಂದೆ ವರ್ಷಗಟ್ಟಲೆ ಕೂತು ಬೆರಳ ತುದಿ ಸವೆದು, ಚೊಗರು ಹತ್ತಿ ಕರ್ರಗಾಗಿದೆ. ರೇಷನ್ ಅಂಗಡಿಯ ಯಂತ್ರಕ್ಕೆ ಅದು ಬೆರಳೆಂದೇ ತೋರುವುದಿಲ್ಲ. ಹುಡುಗಿ ಅಜ್ಜಿಯ ಕೈಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತಾಳೆ, ತೊಳೆದು ಸೆರಗಿನಲ್ಲಿ ಒರೆಸುತ್ತಾಳೆ, ಕೊಬ್ಬರಿ ಎಣ್ಣೆ ಸವರುತ್ತಾಳೆ. ಹೆಬ್ಬೆರಳು ಆಗಲಿಲ್ಲವೆಂದರೆ ತೋರುಬೆರಳು, ಅದೂ ಆಗಲಿಲ್ಲವೆಂದರೆ ಎಡಗೈ. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಾರೆ. ಕೊನೆಗೆ ಕಿರುಬೆರಳಿಗೆ ಹಸಿರು ದೀಪ ಹತ್ತುತ್ತದೆ. ಒಂದಿಷ್ಟು ಅಕ್ಕಿಗಾಗಿ, ಜೀವಮಾನವೆಲ್ಲ ದುಡಿದ ಮುದುಕಿ ತಾನು ತಾನೇ ಹೌದೆಂದು ಪ್ರತಿ ತಿಂಗಳೂ ರುಜುವಾತು ಮಾಡಬೇಕು! ಇದನ್ನು ಯಾವ ಬಾಯಲ್ಲಿ ಸಬಲೀಕರಣ ಎನ್ನುವುದು?

ಅದೇ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಯಿತು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ತಿದ್ದುಪಡಿಗೆ ಹೋದರೆ ಓಟಿಪಿ ಅಪ್ಪ ಎಂದೋ ಕಳೆದುಕೊಂಡ ಸಿಮ್ಮಿಗೆ ಹೋಗುತ್ತದೆ. ಎಲ್ಲ ಸರಿಯಾಗುವ ಹೊತ್ತಿಗೆ ಕೊನೆಯ ದಿನಾಂಕ ದಾಟಿತ್ತು. ಅವಳ ಸ್ವಾವಲೋಕನ ಮಾತ್ರ ನನ್ನ ಮೇಜಿಗೆ ಸಮಯಕ್ಕೆ ಸರಿಯಾಗಿ ಬಂತು: ‘ಈ ಕೋರ್ಸು ನನ್ನ ಜೀವನದ ದೃಷ್ಟಿಕೋನವನ್ನೇ ಬದಲಾಯಿಸಿತು.’ ಅವಳನ್ನು ನಕಲು ಮಾಡಿದ್ದಕ್ಕೆ ಬೈಯುವ ನಾಲಿಗೆ ನನಗಿಲ್ಲ. ಕೇಳಿದವರಿಗೆ ಬೇಕಾದ್ದನ್ನು, ಅವರಿಗೆ ಬೇಕಾದ ನಮೂನೆಯಲ್ಲೇ ಕೊಟ್ಟಿದ್ದಾಳೆ. ಫಾರಂ ತುಂಬಿ ತುಂಬಿ ಅವಳು ಕಲಿತದ್ದೂ ಅದನ್ನೇ.

ಮುಂದಿನ ಸಂಶೋಧನೆಗೆ ಅವಕಾಶ. ಇನ್ನು ಮೇಲೆ ಸ್ವಾವಲೋಕನವನ್ನು ಈ ಫಾರಂಗಳನ್ನು ರೂಪಿಸುವವರಿಂದ ಬರೆಸತಕ್ಕದ್ದು. ಸ್ಥಳ: ಜಗಳೂರಿನ ಜೆರಾಕ್ಸ್ ಅಂಗಡಿಯ ಮೆಟ್ಟಿಲು. ಕಾಲ: ಅರ್ಜಿಯ ಕೊನೆಯ ದಿನ, ಕರೆಂಟು ಹೋದ ನಂತರ. ಗಿಬ್ಸ್ ಸಾಹೇಬರ ಆರೂ ಮೆಟ್ಟಿಲು ಕಡ್ಡಾಯ. ಎರಡನೆಯದಾದ ಭಾವನೆಗೆ ಹೆಚ್ಚುವರಿ ಹಾಳೆ ಕೊಡಲಾಗುವುದು. ಕನ್ನಡದಲ್ಲಿ ಬರೆದಿರಬೇಕು, ಪಿಡಿಎಫ್ 200 ಕೆಬಿ ಮೀರಬಾರದು. ಮೌಲ್ಯಮಾಪನ ಆ ಹತ್ತೊಂಬತ್ತರ ಹುಡುಗಿಯರದು. ಬರೆದವರ ಇನಿಷಿಯಲ್ ಹಿಂದುಮುಂದಾಗಿದ್ದರೆ ಕಾರಣ ನೀಡದೆ ತಿರಸ್ಕರಿಸಲಾಗುವುದು.