ಗಂಧಕ ಡೀಸೆಲ್ ಮಹಾತ್ಮೆ

ಕಳಪೆ ಡೀಸೆಲ್ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡುವುದಿಲ್ಲ. ಹಾಲೆಂಡಿನಿಂದ ಮೋಟರ್‌ಹೋಮ್ ಓಡಿಸಿಕೊಂಡು ಪಶ್ಚಿಮ ಆಫ್ರಿಕಾ ಸುತ್ತಿ ಬಂದವರಂತೂ ಅದನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಉಂಡ ಮನೆಯ ಜಂತೆ ಎಣಿಸುವ ಜನ. ಆ ಡೀಸೆಲ್ ಅವರಿಗೆ ಮಾಡಿದ ಉಪಕಾರವನ್ನು ಒಬ್ಬರಾದರೂ ಬರೆದಿಡಬೇಕು. ಆ ಪುಣ್ಯ ನನಗಿರಲಿ.

ಯೂರೋ-6 ಮೋಟರ್‌ಹೋಮ್ ಸಾಮಾನ್ಯ ಗಾಡಿಯಲ್ಲ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಪಾಯಿಖಾನೆ. ತಲೆಯ ಮೇಲೆ ಸೋಲಾರ್. ಮಾರುವವರ ಚಿತ್ರಗಳಲ್ಲಿ ಅದು ಯಾವಾಗಲೂ ಮರಳುಗಾಡಿನ ಅಂಚಿನಲ್ಲಿ ಸಂಜೆಗೆಂಪಿಗೆ ಮುಖಮಾಡಿ ನಿಂತಿರುತ್ತದೆ. ಗಾಡಿಯ ಜೊತೆ ಇನ್ನೊಂದು ಪುಸ್ತಕವನ್ನೂ ಕೊಡುತ್ತಾರೆ, ಯಾರೂ ಓದದ್ದು. ಇಎನ್ 590 ದರ್ಜೆಯ ಡೀಸೆಲನ್ನಷ್ಟೇ ಹಾಕತಕ್ಕದ್ದು ಎಂದು ಅದರಲ್ಲಿ ಇರುತ್ತದೆ. ಅಂದರೆ ಗಂಧಕ 10 ಪಿಪಿಎಂ ದಾಟಬಾರದು. (ನಮ್ಮಲ್ಲೂ 2020ರ ಏಪ್ರಿಲ್‌ನಿಂದ, ಬಿಎಸ್-6 ಹೆಸರಿನಲ್ಲಿ, ಇದೇ ಕಟ್ಟಳೆ.) ನೂರು ಲೀಟರ್ ಟ್ಯಾಂಕಿನಲ್ಲಿ ಒಂದು ಗ್ರಾಮಿನಷ್ಟೂ ಗಂಧಕವಿಲ್ಲ! ಘಾನಾದಲ್ಲಿ ಹಾಗಿರಲಿಲ್ಲ. ಅಲ್ಲಿ 2017ರವರೆಗೆ ಕಾನೂನೇ 3,000 ಪಿಪಿಎಂ ತನಕ ಬಿಟ್ಟಿತ್ತು. ಅದೇ ಟ್ಯಾಂಕಿಗೆ ಕಾಲು ಕಿಲೋ ಗಂಧಕ, ಬೇರೆ ಬೆಲೆಯಿಲ್ಲದೆ. ಗಿರಾಕಿಗೆ ಇಷ್ಟು ಧಾರಾಳವಾಗಿ ಕೊಸರು ಹಾಕುವ ಬಂಕು ಯುರೋಪಿನಲ್ಲಿ ಒಂದಾದರೂ ಇದೆಯೇ?

ಈ ಕೊಸರು ಒಳಗೆ ಹೋಗಿ ಸುಮ್ಮನೆ ಕೂರುವುದಿಲ್ಲ. ಉರಿದು ಆಮ್ಲವಾಗಿ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಆಯಿಲ್ಲನ್ನು ಬೇಗಬೇಗ ಬದಲಿಸಬೇಕಾಗಿ ಬಂದು ದಾರಿಯುದ್ದಕ್ಕೂ ಮೆಕ್ಯಾನಿಕ್‌ಗಳ ಮನೆ ನಡೆಯುತ್ತದೆ. ಹೊಗೆಯನ್ನು ತೊಳೆಯಲೆಂದು ಪ್ಲಾಟಿನಂ ಬಳಿದಿಟ್ಟ ಜಾಲರಿಯನ್ನು ಮಂಕು ಮಾಡುತ್ತದೆ. ಮುಂದಿರುವುದು ಮಸಿ ಹಿಡಿಯುವ ಫಿಲ್ಟರು, ಡಿಪಿಎಫ್. ಅದು ಕಟ್ಟಿಕೊಂಡಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿ ಕಾವೇರಿಸಿ, ಮಸಿಯನ್ನು ಸುಡಲು ನೋಡುತ್ತದೆ. ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಚಿಮ್ಮಿದ ಡೀಸೆಲ್ಲಿನಲ್ಲಿ ಒಂದಷ್ಟು ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎತ್ತಿ ನೋಡಿದರೆ ಆಯಿಲ್ ಏರಿರುತ್ತದೆ. ಓಡಿದಷ್ಟೂ ಆಯಿಲ್ ಇಳಿಯುವ ಗಾಡಿಗಳನ್ನು ನಾವೆಲ್ಲ ಕಂಡಿದ್ದೇವೆ. ಏರುವ ಗಾಡಿ ಎಷ್ಟು ಜನರ ಭಾಗ್ಯದಲ್ಲಿದೆ?

ಆಮೇಲೆ ಹಳದಿ ದೀಪ. ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಇಳಿಸಿ ಗಾಡಿಯನ್ನು ಲಿಂಪ್ ಮೋಡ್‌ಗೆ ಹಾಕುತ್ತದೆ. ವಾರದಲ್ಲಿ ಮೂರು ದೇಶ ಮುಗಿಸುವ ಹುರುಪಿನಲ್ಲಿದ್ದ ದಂಪತಿ ಈಗ ಒಂದೊಂದು ಹಳ್ಳಿಯನ್ನೂ, ಒಂದೊಂದು ಗೆದ್ದಲ ಹುತ್ತವನ್ನೂ ಕಣ್ತುಂಬ ನೋಡುತ್ತಾರೆ. ಈರುಳ್ಳಿ ಹೇರಿದ ಹಳೆಯ ಬೆಂಜ್ ಲಾರಿ ಹಿಂದಿನಿಂದ ಹಾರನ್ ಹೊಡೆದು ಮುಂದೆ ಹೋಗುತ್ತದೆ. ಅದಕ್ಕೆ ಫಿಲ್ಟರೂ ಇಲ್ಲ, ಸೆನ್ಸರೂ ಇಲ್ಲ, ಹಾಕಿದ್ದನ್ನು ಕುಡಿಯುವ ಸಂಸಾರಸ್ಥ ಲಾರಿ. ಅದರ ಕ್ಲೀನರು ಕೈಬೀಸಿದರೆ ದಂಪತಿ ಮರುಬೀಸುತ್ತಾರೆ. ಜನಸಂಪರ್ಕಕ್ಕೆಂದೇ ಅಲ್ಲವೆ ಇಷ್ಟು ದೂರ ಬಂದದ್ದು!

ಆಡ್‌ಬ್ಲೂ ಮುಗಿದಾಗಿನ ಸೊಬಗೇ ಬೇರೆ. ಅದು ಹೊಗೆ ತೊಳೆಯಲು ಗಾಡಿಗೆ ಹಾಕುವ ದ್ರವ, ಶುದ್ಧ ನೀರಿನಲ್ಲಿ 32.5% ಯೂರಿಯಾ. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಚೀಲಗಟ್ಟಲೆ ಇದ್ದರೂ ರೈತನ ಯೂರಿಯಾ ಈ ಗಾಡಿಗೆ ಆಗಿಬರುವುದಿಲ್ಲ, ಮಡಿ ಕೆಡುತ್ತದೆ. ಇನ್ನೆಷ್ಟು ಕಿಲೋಮೀಟರ್ ಎಂದು ಪರದೆ ಎಣಿಸುತ್ತಾ ಬರುತ್ತದೆ. ಸೊನ್ನೆಗೆ ಬಂದ ಮೇಲೂ ಓಡುತ್ತಿರುವ ಎಂಜಿನ್ ಓಡುತ್ತಲೇ ಇರುತ್ತದೆ. ಆರಿಸಿದರೆ ಮಾತ್ರ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಆರಿಸದೆ ಮಲಗಬೇಕು. ಹಾಸಿಗೆ ಗಾಡಿಯಲ್ಲೇ ಇರುವುದು ಎಂಥ ದೂರದೃಷ್ಟಿ!

ಘಾನಾದ ಕುಮಾಸಿಯ ಸುವಾಮೆ ಮ್ಯಾಗಜೀನ್ ತಲುಪಿದರೆ ಅರ್ಧ ಗೆದ್ದಂತೆ. ಕಣ್ಣು ಹಾಯುವಷ್ಟು ದೂರ ಗ್ಯಾರೇಜುಗಳೇ ಇರುವ ಬಡಾವಣೆ ಅದು. ಇಡೀ ಲಾರಿಯನ್ನೇ ಬಿಚ್ಚಿ ಜೋಡಿಸುವವರಿಗೆ ಫಿಲ್ಟರು ಕಿತ್ತು ಅಲ್ಲೊಂದು ಬೋಳು ಪೈಪು ಬೆಸೆಯುವುದೇನು ಮಹಾ? ಕಂಪ್ಯೂಟರಿನ ಬಾಯಿ ಮುಚ್ಚಿಸುವವನೊಬ್ಬ ಸಿಕ್ಕಿದರೆ ಸಾಕು, ಗಾಡಿ ಕುದುರೆಯಾಗುತ್ತದೆ. ಊರಿಗೆ ಮರಳುವಾಗ ಫಿಲ್ಟರನ್ನು ಮರೆಯದೆ ಕೂರಿಸಿಕೊಳ್ಳಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 2023ರ ಜನವರಿಯಿಂದ ಸೈಲೆನ್ಸರಿಗೆ ನಳಿಕೆ ಹಾಕಿ ಮಸಿಯ ಕಣ ಎಣಿಸುತ್ತಾರೆ. ಘನ ಸೆಂಟಿಮೀಟರಿಗೆ ಹತ್ತು ಲಕ್ಷ ಮೀರಿದರೆ ಗಾಡಿ ನಪಾಸು. ಅಷ್ಟು ಶುಚಿಯಾದ ದೇಶ.

ಇನ್ನು ಈ ಡೀಸೆಲ್ಲಿನ ಕುಲಗೋತ್ರ. ಅದನ್ನು ಆಫ್ರಿಕಾದ ಸರಕೆಂದು ತಿಳಿದವರೇ ಹೆಚ್ಚು. ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಸಂಸ್ಥೆ ಬಂಕು ಬಂಕು ಅಲೆದು ಮಾದರಿ ಹಿಡಿದು ಮಾಡಿದ ತನಿಖೆಯನ್ನು 2016ರಲ್ಲಿ ಪ್ರಕಟಿಸಿದಾಗ ತಿಳಿದದ್ದು ಬೇರೆ. ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದ ಗಂಧಕದ ಇಂಧನದಲ್ಲಿ ದೊಡ್ಡ ಪಾಲನ್ನು ಬೆರೆಸಿ ಹಡಗಿಗೇರಿಸುತ್ತಿದ್ದದ್ದು ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್, ಆಂಟ್‌ವರ್ಪ್ ಬಂದರುಗಳಲ್ಲಿ. ವ್ಯಾಪಾರಿಗಳು ಸ್ವಿಸ್ ಕಂಪನಿಗಳು. ಎಂದರೆ ನಮ್ಮ ದಂಪತಿ ಗಂಟು ಕಟ್ಟುತ್ತಿದ್ದಾಗಲೇ ಅವರ ಊರಿನ ಡೀಸೆಲ್ ಸಮುದ್ರದ ದಾರಿಯಲ್ಲಿ ಮುಂದೆ ಹೋಗಿ ಅವರಿಗಾಗಿ ಕಾಯುತ್ತಿತ್ತು. ಪರದೇಶದಲ್ಲಿ ತವರಿನವರು ಎದುರಾದರೆ ಯಾರಾದರೂ ಮುಖ ಸಿಂಡರಿಸುತ್ತಾರೆಯೇ?

ಅಕ್ರಾದ, ಲಾಗೋಸಿನ ರಸ್ತೆಬದಿಯಲ್ಲಿ ಮೀನು ಸುಟ್ಟು ಮಾರುವ ಹೆಂಗಸರು ಹುಟ್ಟಿದಾಗಿನಿಂದ ಇದೇ ಹೊಗೆ ಕುಡಿದಿದ್ದಾರೆ. ಅವರ ಎದೆಯಲ್ಲಿ ಒಮ್ಮೆಯೂ ಹಳದಿ ದೀಪ ಹೊತ್ತಿಲ್ಲ. ಎಂಥ ಗಟ್ಟಿ ವಿನ್ಯಾಸ; ಗಾಡಿ ಕಂಪನಿಯವರು ನೋಡಿ ಕಲಿಯಬೇಕು.

ದುಃಖದ ಸಂಗತಿಯೆಂದರೆ ಈ ವೈಭವ ಕರಗುತ್ತಿದೆ. ಘಾನಾ 2017ರಲ್ಲಿ ಆಮದು ಡೀಸೆಲ್ಲಿನ ಮಿತಿಯನ್ನು 50 ಪಿಪಿಎಂಗೆ ಇಳಿಸಿತು. 2023ರ ಏಪ್ರಿಲ್‌ನಲ್ಲಿ ಡಚ್ಚರೂ, ಮನೆಯ ಸೈಲೆನ್ಸರುಗಳ ಕಣ ಎಣಿಸತೊಡಗಿದ ಮೂರು ತಿಂಗಳಿಗೆ, ಅದಕ್ಕಿಂತ ಕೊಳಕಾದದ್ದನ್ನು ಪಶ್ಚಿಮ ಆಫ್ರಿಕಾಕ್ಕೆ ಕಳಿಸಕೂಡದೆಂದರು. ಉಳಿದದ್ದನ್ನು ಹುಡುಕಿ ಹಾಕಿಸಿಕೊಳ್ಳುವ ಪುಣ್ಯವಂತರಿಗೆ ಒಂದು ಕಿವಿಮಾತು. ಊರಿಗೆ ಮರಳಿ ಕೆಟ್ಟ ಇಂಜೆಕ್ಟರುಗಳಿಗೆ ವಾರಂಟಿ ಕೇಳಲು ಹೋದಾಗ, ಡೀಸೆಲ್ ಎಲ್ಲಿ ಕೊಂಡಿರಿ ಎಂದು ಕೌಂಟರಿನವನು ಕೇಳುತ್ತಾನೆ. ಘಾನಾ ಎನ್ನಬೇಡಿ, ಕ್ಲೇಮು ಅಲ್ಲೇ ಬಿದ್ದುಹೋಗುತ್ತದೆ. ರಾಟರ್‌ಡ್ಯಾಮ್ ಮಾಲು ಎಂದು ಧೈರ್ಯವಾಗಿ ಹೇಳಿ. ಯುರೋಪಿನ ಸರಕೆಂದ ಮೇಲೆ ಅವನು ಗುಣಮಟ್ಟದ ಮಾತೆತ್ತುವುದಿಲ್ಲ.