ಹುಕ್ಕನ ನಿಯಮವೂ ನನ್ನ ಹಿಂಬದಿಯೂ

ಮಾರುತಿ 800 ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ 170 ಮಿಲಿಮೀಟರ್ ಜಾಗ ಇರಬೇಕು. ಅದು ಕಂಪನಿಯ ಲೆಕ್ಕ. ನಾನು ಕೊಂಡ 800ರ ಹಿಂಬದಿಯ ಅಡಿಯಲ್ಲಿ ನನ್ನ ಹವಾಯಿ ಚಪ್ಪಲಿಯನ್ನು ಅಡ್ಡಕ್ಕೆ ನಿಲ್ಲಿಸಿದರೆ ಸೈಲೆನ್ಸರಿಗೆ ತಾಗುತ್ತಿತ್ತು. ಹಾಗೆಂದು ಕಾರು ಕೊಳ್ಳಲು ಹೋದಲ್ಲಿ ಚಪ್ಪಲಿ ಬಿಚ್ಚಿ ಅಳೆಯುವ ಬುದ್ಧಿ ಯಾರಿಗೆ ಬರುತ್ತದೆ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗಂತೂ ಬರುವುದಿಲ್ಲ. ಅವನು ಬಾನೆಟ್ ಎತ್ತಿಸಿ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನನ್ನು ಕೈ ಹಿಂದೆ ಕಟ್ಟಿಕೊಂಡು ನೋಡಿ, 'ಹ್ಞೂಂ' ಅನ್ನುತ್ತಾನೆ. ನಾನೂ ಅಂದೆ.

ಕೊಂಡದ್ದು ಭಟ್ಕಳದಲ್ಲಿ, ದುಬೈಗೆ ಹೊರಟು ನಿಂತಿದ್ದ ಒಬ್ಬ ಹುಡುಗನಿಂದ. ವೀಸಾ ಬಂದಿತ್ತು, ಅವಸರವಿತ್ತು, ದರ ಇಳಿದಿತ್ತು. ಕಾರೂ ಇಳಿದಿತ್ತು, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಡಿಕ್ಕಿ ತುಂಬ ಸ್ಪೀಕರ್ ಇಟ್ಟಿದ್ದ ಗುರುತುಗಳಿದ್ದವು. "ಸ್ವಲ್ಪ ಕುಳ್ಳಗೆ ಕಾಣ್ತದಲ್ಲ ಮಾರಾಯ?" ಅಂದಿದ್ದಕ್ಕೆ ಅವನು, "ರೋಡ್ ಗ್ರಿಪ್ ಸರ್. ಒಳಗೆ ಕೂತ್ರೆ ರಸ್ತೆ ಗೊತ್ತಾಗ್ತದೆ" ಎಂದ. ಸುಳ್ಳು ಹೇಳುವ ಹುಡುಗನಲ್ಲ. ಶಂಸುದ್ದೀನ್ ಸರ್ಕಲ್ ದಾಟುವಷ್ಟರಲ್ಲಿ ರಸ್ತೆ ನನಗೆ ಬೆನ್ನುಮೂಳೆಯ ಕೊನೆಯ ಮಣಿಯವರೆಗೂ ಗೊತ್ತಾಗಿತ್ತು.

ಶಿರಾಲಿ ಕಳೆಯುವಾಗ ಕತ್ತಲಾಯಿತು. ಹೆಡ್‌ಲೈಟ್ ಹಾಕಿದೆ. ಎದುರಿನಿಂದ ಬಂದ ಕಾರೊಂದು ಪಕ್ಕನೆ ಲೈಟು ಮಿಟುಕಿಸಿತು. ಯಾರೋ ಗುರುತಿನವರು ಅಂದುಕೊಂಡು ಕೈ ಎತ್ತಿದೆ. ಮುರ್ಡೇಶ್ವರದ ಕ್ರಾಸಿನಲ್ಲಿ ಇನ್ನೊಬ್ಬ ಮಿಟುಕಿಸಿದ. ಮಂಕಿಯ ಹತ್ತಿರ ಒಂದು ಬಸ್ಸೇ ಮಿಟುಕಿಸಿತು. ನನಗೆ ಗಂಟಲು ಕಟ್ಟಿತು. ಈ ಮೂರು ತಾಲೂಕುಗಳಲ್ಲಿ ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೇನೆ, ಈಗ ಒಬ್ಬೊಬ್ಬರೂ ಸ್ಟೀರಿಂಗ್ ಹಿಡಿದಿದ್ದಾರೆ, ಆದರೂ ಮಾಸ್ತರನ್ನು ಮರೆತಿಲ್ಲ! ಪಕ್ಕದಲ್ಲಿ ಕೂತ ಹೆಂಡತಿಗೆ, "ನೋಡು, ಸಂಬಳದಲ್ಲಿ ಸಿಗದ್ದು ಇದು" ಅಂದೆ. ಕಾಸರಕೋಡಿನಲ್ಲಿ ಒಬ್ಬ ಲಾರಿಯವ ಪಕ್ಕಕ್ಕೇ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಕಣ್ಣಿನ ಬಗ್ಗೆಯೂ ನನ್ನ ಹಿರಿಯರ ಬಗ್ಗೆಯೂ ನಾಲ್ಕು ಮಾತಾಡಿ ಹೋದ. ಅಷ್ಟು ಹೊತ್ತೂ ಸುಮ್ಮನಿದ್ದ ಹೆಂಡತಿ, "ಇವನು ಯಾವ ಬ್ಯಾಚು?" ಎಂದು ಕೇಳಿದಳು.

ಕಾರಣ ಆಮೇಲೆ ತಿಳಿಯಿತು. ಹಿಂಬದಿ ಕುಸಿದ ಕಾರಿನ ಮೂತಿ ಮೇಲಕ್ಕೇಳುತ್ತದೆ. ಡಿಮ್ ಮಾಡಿದರೂ ಬೆಳಕು ರಸ್ತೆಗೆ ಬೀಳದೆ ಎದುರಿನವನ ಕಣ್ಣಿಗೇ ಬೀಳುತ್ತದೆ. ಶಿರಾಲಿಯಿಂದ ಶರಾವತಿಯವರೆಗೆ ನಾನು ಕುರುಡು ಹಿಡಿಸಿದವರೆಲ್ಲ ಬೈದದ್ದನ್ನು ನಮಸ್ಕಾರವೆಂದು ಸ್ವೀಕರಿಸಿ, ಪ್ರತಿಯಾಗಿ ಆಶೀರ್ವಾದ ಮಾಡುತ್ತ ಬಂದಿದ್ದೆ.

ಶರಾವತಿ ಸೇತುವೆಯ ಮೇಲಿನ ಪ್ರತಿ ಜೋಡಣೆಯನ್ನೂ ಸೊಂಟವೇ ಎಣಿಸಿತು. ಅಲ್ಲೇ ಹತ್ತಿರದ ರೈಲು ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅದರ ಮೇಲೆ ಎಕ್ಸ್‌ಪ್ರೆಸ್ ಒಂದು ದೀಪ ಹಚ್ಚಿಕೊಂಡು ಸರಾಗ ಹೋಗುತ್ತಿತ್ತು. ಒಳಗೆ ಜನ ಚಾ ಕುಡಿಯುತ್ತಿದ್ದಿರಬೇಕು.

ನಿಜವಾದ ಮರ್ಯಾದೆ ಹೋದದ್ದು ಕುಮಟೆಯ ಮದುವೆಗೆ ಹೊರಟಾಗ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಅದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವ ದಿಬ್ಬ. ನಮ್ಮ ಊರೊಳಗಿನ ಹಂಪುಗಳು ಆ ಕಾಂಗ್ರೆಸ್ಸಿಗೆ ಸೇರಿದವಲ್ಲ. ಹಿಂದೆ ಅತ್ತೆ, ಅತ್ತೆಯ ತಂಗಿ, ಒಂದು ಚೀಲ ತೆಂಗಿನಕಾಯಿ. ಕರ್ಕಿಯಲ್ಲಿ ಮನೆಯೊಂದಕ್ಕೆ ಹೋಗಿ ಕರೆದುಕೊಂಡು ಬರಬೇಕಾದವರಿದ್ದರು. ಒಳರಸ್ತೆಯ ಮೊದಲ ಹಂಪಿಗೇ ಸೈಲೆನ್ಸರ್ ಚೀರಿತು. ನಾನೊಂದು ಉಪಾಯ ಕಂಡುಕೊಂಡೆ. ಹಂಪು ಬಂದಾಗ ಹಿಂದಿನವರು ಇಳಿಯುವುದು, ನಾನು ಓರೆಯಾಗಿ ದಾಟಿಸುವುದು, ಅವರು ನಡೆದುಬಂದು ಹತ್ತುವುದು. ಹಳದೀಪುರ ಬರುವ ಹೊತ್ತಿಗೆ ರೇಷ್ಮೆ ಸೀರೆಯ ಅಂಚು ಕೆಂಪು ಮಣ್ಣಾಗಿತ್ತು. ಧಾರೇಶ್ವರದಲ್ಲಿ ಅತ್ತೆ ಇಳಿದವರು ಮತ್ತೆ ಹತ್ತಲಿಲ್ಲ. "ಆನು ನಡ್ಕಂಡೇ ಬತ್ತಿ, ನಿಂಗ ಕಾರಲ್ಲಿ ಬನ್ನಿ" ಅಂದರು. ಬಸ್ಸು ಹಿಡಿದು ನಮಗಿಂತ ಮೊದಲೇ ಮಂಟಪ ಸೇರಿ, ಬಂದವರಿಗೆಲ್ಲ ವಿಷಯ ತಿಳಿಸಿ ಮುಗಿಸಿದ್ದರು.

ಮದುವೆ ಊಟ ಜೀರ್ಣವಾಗುವ ಮೊದಲೇ ನಾನು ರೋಗ ನಿರ್ಣಯ ಮಾಡಿದೆ: ಸ್ಪ್ರಿಂಗ್ ಕೂತಿದೆ. ಉಕ್ಕಿಗೂ ಆಯಾಸವುಂಟು, ಮೇಲೆ ಕಡಲ ಉಪ್ಪುಗಾಳಿ, ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆ. ತೂಕ ಹೆಚ್ಚಿದಷ್ಟೇ ಅನುಪಾತದಲ್ಲಿ ಸ್ಪ್ರಿಂಗ್ ಕುಗ್ಗುತ್ತದೆ ಎನ್ನುವ ಹುಕ್ ನಿಯಮವನ್ನು ಕರಿಹಲಗೆಯ ಮೇಲೆ ಸವೆಸಿದವನು ನಾನು. ಗ್ರಾಫಿನ ಗೆರೆ ಚೂರು ಸೊಟ್ಟಗಾದರೆ ಅರ್ಧ ಅಂಕ ಕಡಿದವನು. ಎರಡು ಸ್ಪ್ರಿಂಗಿಗೆ ಗ್ಯಾರೇಜು ಯಾಕೆ?

ಕುಮಟೆಯ ಒಂದು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು, "ಏಯ್ಟ್ ಹಂಡ್ರೆಡ್ಡಿಗೋ? ಗ್ಯಾಸಾ, ಪೆಟ್ರೋಲಾ?" ಎಂದು ಕೇಳಿದರು. ಈ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರಿನೊಳಗೆ ಗ್ಯಾಸ್ ತುಂಬಿರುತ್ತದೆಂದು ನಾನು ಓದಿದ್ದೆ. ಗಿರಾಕಿಯ ಜ್ಞಾನ ಪರೀಕ್ಷಿಸುತ್ತಿದ್ದಾರೆ ಅನಿಸಿ, "ಗ್ಯಾಸ್!" ಎಂದು ಜೋರಾಗಿ ಹೇಳಿದೆ. ಅವರು ತಲೆದೂಗಿ ಒಳಗಿನಿಂದ ಒಂದು ಜೋಡಿ ತಂದುಕೊಟ್ಟರು. ಹಳೆಯದಕ್ಕಿಂತ ದಪ್ಪ ಇತ್ತು. ದಪ್ಪ ಇದ್ದರೆ ಒಳ್ಳೆಯದೇ ಅಲ್ಲವೇ?

ಪುಸ್ತಕದಲ್ಲಿ ಕೆಲಸ ಸುಲಭ. ಕಾರು ಎತ್ತಿ ಬಾಡಿಗೆ ಆಸರೆ ಕೊಡಬೇಕು. ಆಕ್ಸಲಿನಡಿ ಇನ್ನೊಂದು ಜಾಕ್ ಇಟ್ಟು, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಬ್ರೇಕಿನ ರಬ್ಬರ್ ಪೈಪು ಜಗ್ಗದಂತೆ ಆಕ್ಸಲನ್ನು ಮೆಲ್ಲಗೆ ಇಳಿಸಬೇಕು. ಒತ್ತಡ ಹೋದಮೇಲೆ ಸ್ಪ್ರಿಂಗ್ ಕೈಗೇ ಬರುತ್ತದೆ. ಈ ಕಾರಿನಲ್ಲಿ ಹಿಂದಿನ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆ ಬೇರೆ ಇರುವುದರಿಂದ ಇಷ್ಟು ಸಲೀಸು.

ಪುಸ್ತಕ ಬರೆದವರು ಸೆಗಣಿ ಸಾರಿಸಿದ ಅಂಗಳ ನೋಡಿದವರಲ್ಲ. ಜಾಕನ್ನು ತಿರುಗಿಸಿದೆ. ಕಾರು ಇದ್ದಲ್ಲೇ ಇತ್ತು, ಜಾಕ್ ಕೆಳಗೆ ಹೋಯಿತು. ಇನ್ನಷ್ಟು ತಿರುಗಿಸಿದೆ. ಅದು ಇನ್ನಷ್ಟು ಹೋಯಿತು. ಹಲಗೆಯೊಂದನ್ನು ಕೊಟ್ಟು ಅಂತೂ ಎತ್ತಿ, ಆಸರೆಗೆ ಚಿರೆಕಲ್ಲು ಪೇರಿಸಿದೆ. ಆಗ ಬೋಲ್ಟಿನ ಸರದಿ. ಸೀಮೆಎಣ್ಣೆ ಬಿಟ್ಟೆ, ತೆಂಗಿನೆಣ್ಣೆ ಬಿಟ್ಟೆ. ಬೇಲಿಯಾಚೆ ಸೇರಿದ ನೆರೆಹೊರೆಯವರು ಸುಣ್ಣ, ಲಿಂಬೆಹುಳಿ ಎಂದು ಒಂದೊಂದು ಸೂಚಿಸಿದರು. ಕೊನೆಗೆ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಎಳೆದೆ. ಟಣ್ ಎಂದಿತು. "ಬಿಚ್ಚಿತು!" ಎಂದು ನಾನು ಕೂಗಿದ್ದು ಬೇಲಿಯವರೆಗೂ ಕೇಳಿಸಿತ್ತು. ಬಿಚ್ಚಿದ್ದಲ್ಲ, ತುಂಡಾಗಿತ್ತು. ಅರ್ಧ ನನ್ನ ಕೈಯಲ್ಲಿ, ಅರ್ಧ ಒಳಗೆ.

ಹೊನ್ನಾವರದಿಂದ ಮೆಕ್ಯಾನಿಕ್ಕನ್ನು ಕರೆಸಬೇಕಾಯಿತು. ಪುಣ್ಯಕ್ಕೆ ಆತ ನನ್ನ ಹಳೆಯ ಶಿಷ್ಯನಲ್ಲ. ಬಂದವನು ಬೋಲ್ಟು ನೋಡಲಿಲ್ಲ, ಮೊದಲು ಚಿರೆಕಲ್ಲು ನೋಡಿದ. "ಇದರಡಿ ತಲೆ ಹಾಕಿದ್ರಾ ಮಾಸ್ತರೆ?" ಅಂದ. ಹಾಕಿದ್ದೆ. "ಚಿರೆಕಲ್ಲು ಹೇಳಿಕೇಳಿ ಒಡೆಯುದಿಲ್ಲ. ಕಾರು 650 ಕಿಲೋ ಅದೆ" ಎಂದು ಕಬ್ಬಿಣದ ಸ್ಟ್ಯಾಂಡ್ ತರಿಸಿದ. ಈ ಲೇಖನದಲ್ಲಿ ನಗಬಾರದ ಜಾಗವಿದ್ದರೆ ಇದೊಂದೇ.

ತುಂಡಾದ ಬೋಲ್ಟನ್ನು ಕೊರೆದು ತೆಗೆದು, ಹಳೆಯ ಸ್ಪ್ರಿಂಗ್ ಹೊರಗೆಳೆದು, ಅದರ ತುದಿಯ ಮೇಲೆ ಬೆರಳಾಡಿಸಿ ಅವನು ಹೇಳಿದ: "ಇದು ಕೂತದ್ದಲ್ಲ ಮಾಸ್ತರೆ, ಕೊಯ್ದದ್ದು."

ದುಬೈ ಹುಡುಗ ಸ್ಟೈಲಿಗೆಂದು ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸಿದ್ದ. "ಸುತ್ತು ಕಮ್ಮಿ ಆದಷ್ಟೂ ಸ್ಪ್ರಿಂಗ್ ಬಿರುಸು. ಗಿಡ್ಡವೂ ಆಯ್ತು, ಗಟ್ಟಿಯೂ ಆಯ್ತು, ನಿಮ್ಮ ಸೊಂಟ ಹೋಯ್ತು" ಎಂದು ಮೆಕ್ಯಾನಿಕ್ ವಿವರಿಸಿದ. ಲೆಕ್ಕ ಹಾಕಿದರೆ ಸರಿ: ಎಂಟು ಸುತ್ತಿನಲ್ಲಿ ಒಂದನ್ನು ಕೊಯ್ದರೆ ಸ್ಪ್ರಿಂಗ್ ಸುಮಾರು ಶೇ 14ರಷ್ಟು ಬಿರುಸಾಗುತ್ತದೆ. ರಾಬರ್ಟ್ ಹುಕ್ ತನ್ನ ನಿಯಮವನ್ನು ಬೇರೆಯವರು ಕದಿಯದಿರಲೆಂದು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದ್ದ. ಬಿಡಿಸಿ ಹೇಳಿದ್ದು 1678ರಲ್ಲಿ. ಮೆಕ್ಯಾನಿಕ್ ನಮ್ಮ ಅಂಗಳದಲ್ಲಿ ಬೀಡಿ ಹಚ್ಚುವಷ್ಟರಲ್ಲಿ, ಬೇಲಿಯವರ ಸಮಕ್ಷಮ, ಎಲ್ಲವನ್ನೂ ಬಿಡಿಸಿಟ್ಟ.

ಹೊಸ ಜೋಡಿ ಹಾಕಿ ಕಾರು ಇಳಿಸಿದೆವು. ಕಾರು ಇಳಿಯಲಿಲ್ಲ. ಹಿಂಬದಿ ಆಕಾಶದಲ್ಲಿ, ಮೂತಿ ನೆಲದಲ್ಲಿ. ಹೊಂಡದಲ್ಲಿ ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ ನಿಂತಿತ್ತು. ಹೆಂಡತಿ ಮೆಟ್ಟಿಲ ಮೇಲಿಂದ ನೋಡಿ ಒಳಗೆ ಹೋದಳು. ಮೆಕ್ಯಾನಿಕ್ ಡಬ್ಬಿ ತಿರುಗಿಸಿ ಓದಿ, "ಮಾಸ್ತರೆ, ಗ್ಯಾಸ್ ಸಿಲಿಂಡರ್ ಎಲ್ಲದೆ?" ಎಂದು ಕೇಳಿದ. ಅಡಿಗೆಮನೆ ತೋರಿಸಿದೆ.

ಆಗ ತಿಳಿದದ್ದು: ಗ್ಯಾಸಿನಲ್ಲಿ ಓಡುವ ಕಾರುಗಳ ಡಿಕ್ಕಿಯಲ್ಲಿ ಸದಾ ಸಿಲಿಂಡರ್ ಕೂತಿರುವುದರಿಂದ ಅವಕ್ಕೆ ದಪ್ಪ ಸ್ಪ್ರಿಂಗ್ ಬೇರೆಯೇ ಇದೆ. ತಂತಿ ಶೇ 10 ದಪ್ಪವಾದರೆ ಬಿರುಸು ಶೇ 10 ಅಲ್ಲ, ಶೇ 46 ಏರುತ್ತದೆ, ಏಕೆಂದರೆ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತದೆ. ಇದನ್ನು ಹೈಸ್ಕೂಲಿನಲ್ಲಿ ಕಲಿಸುವುದಿಲ್ಲ, ಆದ್ದರಿಂದ ನನ್ನದು ತಪ್ಪಲ್ಲ ಎಂದು ವಾದಿಸಿ ನೋಡಿದೆ. ಮೆಕ್ಯಾನಿಕ್ ಒಪ್ಪಿದ. ಹೆಂಡತಿ ಒಪ್ಪಲಿಲ್ಲ.

ಅಂಗಡಿಯವರು ಜೋಡಿ ಬದಲಿಸಿ ಕೊಟ್ಟರು, ಸಜ್ಜನರು. ಮೆಕ್ಯಾನಿಕ್ ಸ್ಪ್ರಿಂಗಿನ ಮೇಲಿನ ರಬ್ಬರನ್ನೂ ಹೊಸದು ಹಾಕಿ, ತುದಿಯನ್ನು ಅದರ ಮೆಟ್ಟಿಲಿಗೇ ಸರಿಯಾಗಿ ಕೂರಿಸಿ, ಕೊನೆಗೆ ಗೋಡೆಗೆ ಬೆಳಕು ಬಿಟ್ಟು ಹೆಡ್‌ಲೈಟನ್ನೂ ಹೊಂದಿಸಿದ. ಅತ್ತೆ ಈಗ ಹತ್ತುತ್ತಾರೆ. ಹಂಪು ಕಂಡಾಗ ಮಾತ್ರ ರೂಢಿಯಿಂದ ಬಾಗಿಲ ಹಿಡಿಕೆಗೆ ಕೈ ಹಾಕುತ್ತಾರೆ.

ಕಾರು ಇಳಿಸಿ ಮೆರೆಯುವ ತರುಣರಿಗೆ ಒಂದು ಮಾತು. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ನಮಗೆಲ್ಲ ಕೆಎ 47 ಕೊಡುವ ಸಾರಿಗೆ ಕಚೇರಿ ಹೊನ್ನಾವರದಲ್ಲೇ ಇದೆ. ಇನ್ನು ಹಳೆಯ ಕಾರು ಕೊಳ್ಳುವವರು ಎಂಜಿನ್ ನೋಡಿ 'ಹ್ಞೂಂ' ಅನ್ನುವ ಮೊದಲು ಬಗ್ಗಿ, ಹಿಂದಿನ ಸ್ಪ್ರಿಂಗಿನ ತುದಿ ನೋಡಿ. ಗ್ರೈಂಡರಿನ ಗುರುತಿದ್ದರೆ ದರ ಇಳಿಸಿ ಕೇಳಿ. ಕೊಯ್ದ ಆ ಜೋಡಿ ನಮ್ಮ ಕೊಟ್ಟಿಗೆಯಲ್ಲಿದೆ. ಬೇಕಾದವರು ಗುಜರಿ ದರಕ್ಕೆ ಒಯ್ಯಬಹುದು, ಕಾರಿಗೆ ಹಾಕುವವರಿಗೆ ಕೊಡುವುದಿಲ್ಲ.